ಸಿನಿಮಾಗೂ ಮೊದಲು ಬಿಗ್ಗಿಯ ದನಿ: 'ನಟೋರಿಯಸ್' ತೋರಿಸಿದ ಅನುಭವ

ಮೈಸೂರಿನ ನಮ್ಮ ಸಿನಿಮಾ ಬಳಗದಲ್ಲಿ ಚಿತ್ರ ಶುರುವಾಗುವ ಮುಂಚೆ ನಾಲ್ಕು ಮಾತು ಹೇಳುವ ಕೆಲಸ ನನ್ನದು. ರ‍್ಯಾಪ್ ಗಾಯಕನೊಬ್ಬನ ಬದುಕಿನ ಚಿತ್ರ 'ನಟೋರಿಯಸ್' ತೋರಿಸೋಣ ಅಂದಾಗ ಕೆಲವು ಹಿರಿಯರು ಹಿಂದೆಮುಂದೆ ನೋಡಿದರು. ರ‍್ಯಾಪ್ ಅಂದರೆ ಬರೀ ಬೈಗುಳ ಅಲ್ವಾ ಅನ್ನುವುದು ಅವರ ತಕರಾರು. ಬೈಗುಳ ಇದೆ, ಸುಳ್ಳಲ್ಲ. ಹಸಿಬಿಸಿ ದೃಶ್ಯಗಳೂ ಇವೆ. ಹಾಗಾಗಿ ಹದಿನೆಂಟು ದಾಟಿದವರಿಗೆ ಮಾತ್ರ ಅಂತ ಮೊದಲೇ ಹೇಳಿಬಿಟ್ಟೆವು.

ಇದು 2009ರ ಚಿತ್ರ. ನಿರ್ದೇಶಕ ಜಾರ್ಜ್ ಟಿಲ್ಮನ್ ಜೂನಿಯರ್. ಕಥೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ರ‍್ಯಾಪರ್ ಕ್ರಿಸ್ಟೋಫರ್ ವಾಲೇಸ್‌ನದು. ಜಗತ್ತು ಅವನನ್ನು ನಟೋರಿಯಸ್ ಬಿ.ಐ.ಜಿ. ಅಂತ ಕರೆಯಿತು, ಅಭಿಮಾನಿಗಳು ಬಿಗ್ಗಿ ಅಂದರು. ಹುಟ್ಟಿದ್ದು 1972ರ ಮೇ 21. ಲಾಸ್ ಏಂಜಲೀಸ್‌ನಲ್ಲಿ ಪಾರ್ಟಿ ಮುಗಿಸಿ ಕಾರಿನಲ್ಲಿ ಹೊರಟವನಿಗೆ ಗುಂಡು ಬಿದ್ದಿದ್ದು 1997ರ ಮಾರ್ಚ್ 9ರಂದು. ಆಗ ವಯಸ್ಸು ಬರೀ 24. ಬದುಕಿದ್ದಾಗ ಬಂದಿದ್ದು ಒಂದೇ ಆಲ್ಬಮ್, 'ರೆಡಿ ಟು ಡೈ'. ಎರಡನೆಯದರ ಹೆಸರು 'ಲೈಫ್ ಆಫ್ಟರ್ ಡೆತ್'. ಅದು ಅಂಗಡಿಗೆ ಬಂದಿದ್ದು ಅವನು ಸತ್ತು ಹದಿನಾರು ದಿನಕ್ಕೆ.

ಈ ಕೊನೆ ಎಲ್ಲರಿಗೂ ಗೊತ್ತಿರುವಂಥದ್ದು. ಚಿತ್ರ ಶುರುವಾಗುವುದೇ ಆ ರಾತ್ರಿಯಿಂದ. ಹಾಗಾಗಿ ಸಾವಿನ ಬಗ್ಗೆ ನಾನು ಜಾಸ್ತಿ ಮಾತಾಡಲಿಲ್ಲ. ನನಗಿದ್ದ ಚಿಂತೆಯೇ ಬೇರೆ. ಇಷ್ಟೊಂದು ಜನ ಯಾಕೆ ಅತ್ತರು ಅನ್ನುವುದು ತಿಳಿಯಬೇಕಾದರೆ ಅವನ ದನಿ ಕಿವಿಗೆ ಬಿದ್ದಿರಬೇಕು. ಅದಿಲ್ಲದೆ ನೋಡಿದರೆ ಇದು ಗಾಂಜಾ, ಗನ್ನು, ಹೆಣ್ಣು, ಹೆಣ ಅಷ್ಟೇ ಆಗಿಬಿಡುತ್ತದೆ.

ಅದಕ್ಕೇ ಲೈಟ್ ಆರಿಸುವ ಮೊದಲು ಬಿಗ್ಗಿಯ 'ಜ್ಯೂಸಿ' ಹಾಡು ಹಾಕಿದೆ. ಎಲ್ಲರೂ ನಾಲ್ಕರ ಲೆಕ್ಕದಲ್ಲಿ ಚಪ್ಪಾಳೆ ತಟ್ಟಿ, ಮಾತು ಎಲ್ಲಿ ಬೀಳುತ್ತೆ ಗಮನಿಸಿ ಅಂದೆ. ಮೊದಲು ಮುಜುಗರ. ಆಮೇಲೆ ಒಬ್ಬೊಬ್ಬರೇ ತಟ್ಟಿದರು. ಬಿಗ್ಗಿಗೆ ಅವಸರವೇ ಇಲ್ಲ. ಕೆಲವು ಸಾಲು ತಟ್ಟಿದ ಮೇಲೆ ಶುರುವಾಗುತ್ತವೆ, ಕೆಲವು ತಟ್ಟುವ ಮುಂಚೆಯೇ ಬಂದುಬಿಡುತ್ತವೆ. ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಕೂರುವುದಿಲ್ಲ, ನಡುವೆಯೂ ಇಣುಕುತ್ತದೆ. ಮೃದಂಗ ನುಡಿಸುವ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿದ್ದರು. "ನಮ್ಮ ಅತೀತ, ಅನಾಗತ ಎಡುಪು ಇದ್ದ ಹಾಗೇ ಇದೆಯಲ್ರೀ" ಅಂದರು. ತಾಳ ಶುರುವಾಗುವ ಮುಂಚೆ ಅಥವಾ ಆಮೇಲೆ ಹಾಡು ಎತ್ತಿಕೊಳ್ಳುವುದಕ್ಕೆ ನಮ್ಮ ಸಂಗೀತದಲ್ಲಿ ಹಾಗನ್ನುತ್ತಾರೆ. ಅಲ್ಲಿಂದ ಮುಂದೆ ಬೈಗುಳದ ತಕರಾರು ಯಾರೂ ಎತ್ತಲಿಲ್ಲ.

ಇದು ಸುಮ್ನೆ ಬಂದಿದ್ದಲ್ಲ. ಬಿಗ್ಗಿ ಹುಡುಗನಾಗಿದ್ದಾಗ ನೆರೆಯಲ್ಲಿ ಡೊನಾಲ್ಡ್ ಹ್ಯಾರಿಸನ್ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕರಿದ್ದರು. ಹುಡುಗನಿಗೆ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ನುಡಿಸಿದ ಡ್ರಮ್ಸ್ ಕೇಳಿಸಿ, ಆ ನಡೆಯಲ್ಲಿ ಮಾತು ಕೂರಿಸುವುದನ್ನು ಅಭ್ಯಾಸ ಮಾಡಿಸಿದವರು ಅವರು. ಚಿತ್ರದಲ್ಲಿ ಈ ಕಲಿಕೆಗೆ ಜಾಗ ಸಿಕ್ಕಿಲ್ಲ. ನನಗೆ ಅದು ದೊಡ್ಡ ಕೊರತೆ ಅನ್ನಿಸುತ್ತದೆ. ಡ್ರಗ್ಸ್ ಮಾರಿದ್ದಕ್ಕೆ ಅಷ್ಟೊಂದು ದೃಶ್ಯ ಕೊಟ್ಟವರು ಕಲಿತಿದ್ದಕ್ಕೆ ಎರಡು ನಿಮಿಷ ಕೊಡಬಹುದಿತ್ತು.

ಇನ್ನೊಂದು ವಿಷಯವನ್ನು ಒತ್ತಿ ಹೇಳಿದೆ: ಕಥೆ ಹೇಳುತ್ತಿರುವವರು ಯಾರು ಅಂತ ನೋಡಿ. ನಿರ್ಮಾಪಕರಲ್ಲಿ ಬಿಗ್ಗಿಯ ತಾಯಿ ವೊಲೆಟ್ಟಾ ವಾಲೇಸ್ ಇದ್ದಾರೆ. ಅವನ ಮ್ಯಾನೇಜರುಗಳಿದ್ದಾರೆ. ಅವನ ಆಲ್ಬಮ್ ತಂದ ಬ್ಯಾಡ್ ಬಾಯ್ ಕಂಪನಿಯ ಶಾನ್ ಕೂಂಬ್ಸ್ ಕಾರ್ಯಕಾರಿ ನಿರ್ಮಾಪಕ. ಚಿತ್ರದಲ್ಲಿ ಕೂಂಬ್ಸ್ ದಾರಿ ತೋರಿಸುವ ಗೆಳೆಯನಾಗಿ ಬರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಲಾದೀತೇ? ಅದೇ ಕೂಂಬ್ಸ್‌ಗೆ 2025ರಲ್ಲಿ ಫೆಡರಲ್ ಕೋರ್ಟಿನಲ್ಲಿ ಜೈಲು ಶಿಕ್ಷೆಯಾಯಿತು. ಈಗ ಆ ದೃಶ್ಯಗಳನ್ನು ಮೊದಲಿನಂತೆ ನೋಡಲು ಆಗುವುದಿಲ್ಲ. ಆ ಕಡೆ, ಬಿಗ್ಗಿ ಬೆಳೆಸಿದ ರ‍್ಯಾಪರ್ ಲಿಲ್ ಕಿಮ್ ತಮ್ಮನ್ನು ತೋರಿಸಿದ ರೀತಿ ಸರಿಯಿಲ್ಲ ಅಂತ ಬಹಿರಂಗವಾಗಿಯೇ ಸಿಟ್ಟಾಗಿದ್ದರು. ಅವರಿಗೆ ನಿರ್ಮಾಪಕರ ಸಾಲಿನಲ್ಲಿ ಕುರ್ಚಿ ಇರಲಿಲ್ಲ.

ಹಾಡನ್ನೂ ಪೂರ್ತಿ ನಂಬುವ ಹಾಗಿಲ್ಲ. 'ಜ್ಯೂಸಿ'ಯಲ್ಲಿ ಬಿಗ್ಗಿ ತನ್ನ ಬಾಲ್ಯದ ಬಡತನ ಹೇಳಿಕೊಳ್ಳುತ್ತಾನೆ. ಆದರೆ ಜಮೈಕಾದಿಂದ ಬಂದು, ಶಿಶುವಿಹಾರದಲ್ಲಿ ಪಾಠ ಹೇಳಿ, ಒಬ್ಬರೇ ಮಗನನ್ನು ಸಾಕಿದ ವೊಲೆಟ್ಟಾ ನಮ್ಮ ಮನೆ ಹಾಗಿರಲಿಲ್ಲ ಅಂದವರು. ಮಗ ಹಾಡಿದ್ದಕ್ಕೂ ತಾಯಿ ಹೇಳಿದ್ದಕ್ಕೂ ನಡುವೆ ಇರುವ ಈ ಅಂತರ ನನಗೆ ಇಡೀ ಚಿತ್ರಕ್ಕಿಂತ ಹತ್ತಿರವಾಗಿದೆ. ತಾಯಿಯ ಪಾತ್ರದಲ್ಲಿ ಏಂಜೆಲಾ ಬ್ಯಾಸೆಟ್ ಇದ್ದಾರೆ. ಮಗನ ಕೋಣೆಯಲ್ಲಿ ಸಿಕ್ಕಿದ್ದು ಡ್ರಗ್ಸ್ ಅಂತ ಗೊತ್ತಾದಾಗ ಅವರ ಮುಖ ನೋಡಿ ಅಂತ ನಾನು ಮೊದಲೇ ಹೇಳಿಟ್ಟಿದ್ದೆ.

ಬಿಗ್ಗಿಯಾಗಿ ನಟಿಸಿದ ಜಮಾಲ್ ವುಲರ್ಡ್ ಬಗ್ಗೆಯೂ ಹೇಳಬೇಕು. ಅವರೂ ಬ್ರೂಕ್ಲಿನ್‌ನವರೇ, ಗ್ರೇವಿ ಅನ್ನುವ ಹೆಸರಿನಲ್ಲಿ ರ‍್ಯಾಪ್ ಮಾಡುತ್ತಿದ್ದವರು. 2006ರಲ್ಲಿ ನ್ಯೂಯಾರ್ಕಿನ ರೇಡಿಯೊ ಸ್ಟೇಷನ್ ಒಂದರ ಮುಂದೆ ಅವರಿಗೂ ಗುಂಡು ತಗುಲಿತ್ತು, ಉಳಿದುಕೊಂಡರು. ಬಾಲಕ ಬಿಗ್ಗಿಯ ಪಾತ್ರ ಮಾಡಿದ್ದು ಬಿಗ್ಗಿಯ ಸ್ವಂತ ಮಗ. ಅಪ್ಪ ಸತ್ತಾಗ ಈ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಇದನ್ನು ಹೇಳಿದಾಗ ಹಿಂದಿನ ಸಾಲಿನ ಕಾಲೇಜು ಹುಡುಗರು ಪಿಸುಮಾತು ನಿಲ್ಲಿಸಿ ತಲೆ ಎತ್ತಿದರು.

ಚಿತ್ರ ಮುಗಿದ ಮೇಲೆ ಚರ್ಚೆ ನೇರ ಇನ್ನೊಬ್ಬ ಹೆಸರಾಂತ ರ‍್ಯಾಪರ್ ಟುಪಾಕ್ ಕಡೆ ಹೋಯಿತು. ಬಿಗ್ಗಿಗೆ ಒಂದು ಕಾಲದ ಗೆಳೆಯ, ಆಮೇಲೆ ಶತ್ರು. 1994ರ ನವೆಂಬರ್ 30ರಂದು ಮ್ಯಾನ್‌ಹ್ಯಾಟನ್ನಿನ ಕ್ವಾಡ್ ಸ್ಟುಡಿಯೊದ ಕೆಳಗೆ ಟುಪಾಕ್‌ಗೆ ಗುಂಡು ಬಿತ್ತು. ಆ ಹೊತ್ತಿಗೆ ಬಿಗ್ಗಿಯ ತಂಡ ಮೇಲಿನ ಮಹಡಿಯಲ್ಲಿತ್ತು. ಇವರಿಗೆ ಮೊದಲೇ ಗೊತ್ತಿತ್ತು ಅಂತ ಟುಪಾಕ್ ನಂಬಿದ. ಬಿಗ್ಗಿ ಕಡೆಯವರು ಅಲ್ಲಗಳೆದರು. ಅಲ್ಲಿಂದ ಎರಡೂವರೆ ವರ್ಷದೊಳಗೆ ಇಬ್ಬರೂ ಇರಲಿಲ್ಲ.

ಇದಕ್ಕೆ ನಾನು ಮಾಡಿಟ್ಟುಕೊಂಡ ಸಿದ್ಧತೆ ಇಷ್ಟೇ: ಟುಪಾಕ್ ಬಗ್ಗೆ 2017ರಲ್ಲಿ ಬಂದ 'ಆಲ್ ಐಝ್ ಆನ್ ಮಿ' ಚಿತ್ರದಿಂದ ಅದೇ ರಾತ್ರಿಯ ದೃಶ್ಯ. ಅಲ್ಲೂ ಬಿಗ್ಗಿಯ ಪಾತ್ರ ವುಲರ್ಡ್ ಅವರದೇ. ಎರಡು ದೃಶ್ಯಗಳನ್ನೂ ಒಂದರ ಹಿಂದೆ ಒಂದು ಹಾಕಿದೆ. ಅದೇ ರಾತ್ರಿ, ಅದೇ ನಟ. ಒಂದರಲ್ಲಿ ನಾವು ಬಿಗ್ಗಿಯ ಪಕ್ಕ ನಿಂತಿದ್ದೇವೆ, ಇನ್ನೊಂದರಲ್ಲಿ ರಕ್ತ ಸುರಿಯುತ್ತಿರುವ ಟುಪಾಕ್ ಪಕ್ಕ. ಈ ಚಿತ್ರವನ್ನು ತೋರಿಸುವವರು ಯಾರೇ ಇರಲಿ, ಈ ಎರಡನ್ನೂ ಜೊತೆಗೇ ತೋರಿಸಿ. ನಮ್ಮಲ್ಲಿ ಅಂದು ನಡೆದ ಅತಿ ಜೋರಿನ ಚರ್ಚೆ ಇದರ ಮೇಲೆಯೇ.