ಜೀವಕೋಶದ ಇಕ್ಕಟ್ಟಿನಲ್ಲಿ ಅಣುಗಳ ವಿಸರಣೆ: ಪ್ರಯೋಗಶಾಲೆಯಲ್ಲಿ ತೋರಿಸುವ ವಿಧಾನ

ಜೀವಕೋಶದೊಳಗಿನ ಪ್ರತಿ ಲೀಟರ್ ದ್ರವದಲ್ಲಿ ಸುಮಾರು 200ರಿಂದ 400 ಗ್ರಾಂ ಪ್ರೋಟೀನ್, ಆರ್‌ಎನ್‌ಎ ಮೊದಲಾದ ದೊಡ್ಡ ಅಣುಗಳು ತುಂಬಿರುತ್ತವೆ. ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ, ನೀರಿಗೆ ಹೋಲಿಸಿದರೆ, ಸುಮಾರು ಹತ್ತು ಪಟ್ಟು ನಿಧಾನವಾಗಿ ವಿಸರಿಸುವುದಕ್ಕೆ (ತಾನಾಗಿಯೇ ಹರಡುವುದಕ್ಕೆ) ಈ ಇಕ್ಕಟ್ಟು ಮುಖ್ಯ ಕಾರಣ.

ಇದನ್ನು ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ತೋರಿಸಬೇಕಾದರೆ ಡಿಸೆಂಬರ್ ಅಥವಾ ಜನವರಿಯನ್ನು ಆರಿಸಿಕೊಳ್ಳಿ. ಇಕ್ಕಟ್ಟಿನ ಮಾದರಿಯಾಗಿ ಬಳಸುವ ಜೆಲಾಟಿನ್ (ತಣಿದಾಗ ಜೆಲ್ಲಿಯಂತೆ ಗಟ್ಟಿಯಾಗುವ ಪ್ರೋಟೀನು) ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ, 40 ದಾಟುವ ಇಲ್ಲಿನ ಬೇಸಿಗೆಯಲ್ಲಿ ಫ್ರಿಜ್ ಇಲ್ಲದೆ ಅದು ಗಟ್ಟಿಯಾಗದು. ಎರಡು ಪಾತ್ರೆಗಳಲ್ಲಿ ತಲಾ 100 ಮಿ.ಲೀ. ಬಿಸಿನೀರು ತೆಗೆದುಕೊಂಡು, ಒಂದರಲ್ಲಿ 5 ಗ್ರಾಂ, ಇನ್ನೊಂದರಲ್ಲಿ 20 ಗ್ರಾಂ ಜೆಲಾಟಿನ್ ಕರಗಿಸಿ, ಎರಡನ್ನೂ ಬೇರೆ ಬೇರೆ ಪ್ರನಾಳಗಳಿಗೆ ಅರ್ಧದವರೆಗೆ ಸುರಿದು, ಗಟ್ಟಿಯಾದ ಮೇಲೆ ಸಮಪ್ರಮಾಣದ ಆಹಾರ ಬಣ್ಣದ ದ್ರಾವಣವನ್ನು ಮೇಲೆ ಹಾಕಿ, ಒಂದೇ ತಂಪಾದ ಜಾಗದಲ್ಲಿಟ್ಟು, ಬಣ್ಣ ಇಳಿದ ಆಳವನ್ನು ಆಗಾಗ ಅಳೆಯಬೇಕು. (ಪೊಟ್ಯಾಸಿಯಂ ಪರ್ಮಾಂಗನೇಟ್ ಬೇಡ; ಅದು ಜೆಲಾಟಿನ್‌ನೊಂದಿಗೇ ವರ್ತಿಸಿ ಕಂದಾಗುತ್ತದೆ.)

ಆಳದ ವರ್ಗವನ್ನು (ಆಳ × ಆಳ) ಕಾಲಕ್ಕೆ ಎದುರಾಗಿ ಗ್ರಾಫಿನಲ್ಲಿ ಗುರುತಿಸಿದರೆ ಹೆಚ್ಚುಕಡಿಮೆ ಸರಳರೇಖೆ ಬರುತ್ತದೆ. 20 ಗ್ರಾಂ ಇರುವ ಪ್ರನಾಳದ ರೇಖೆ ಕಡಿಮೆ ಕಡಿದಾಗಿರುತ್ತದೆ. ಆದರೆ ಬಣ್ಣವು ಜೆಲಾಟಿನ್‌ಗೆ ಅಂಟಿಕೊಂಡರೂ ಇದೇ ಫಲ ಕಾಣುವುದರಿಂದ, ಬೇರೆ ಬಣ್ಣಗಳಿಂದಲೂ ಪರೀಕ್ಷಿಸುವುದು ಅಗತ್ಯ.