ನಿನ್ನೆಗೊಂದು ಟಿಕೆಟ್: ನೋಡುಗರ ಅನುಮಾನಗಳ ನಡುವೆ ಒಂದು ಅನಿಮೇಷನ್ ಸರಣಿ

ಕೊಪ್ಪಳದ ಗವಿಮಠದ ಹಾದಿಯಲ್ಲಿರುವ ಮನೆಯೊಂದರ ಮಾಳಿಗೆಯ ಕೋಣೆಯಲ್ಲಿ ನಾವು ನಾಲ್ವರು ಸೇರಿ, ತಲಾ ಏಳು ನಿಮಿಷದ ಆರು ಕಂತುಗಳಿರುವ ಅನಿಮೇಷನ್ ಹಾಸ್ಯ ಸರಣಿಯೊಂದನ್ನು ಮಾಡುತ್ತಿದ್ದೇವೆ. ಕಥೆ ನಡೆಯುವುದು ಗಂಗಾವತಿಯಿಂದ ಕೊಪ್ಪಳಕ್ಕೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ. ಅಲ್ಲಿ ಎಮ್ಮೆಯೊಂದು ಟವೆಲ್ ಹಾಸಿ ಕಿಟಕಿಯ ಪಕ್ಕದ ಸೀಟು ಹಿಡಿಯುತ್ತದೆ, ಮೈಲಿಗಲ್ಲುಗಳು ಬೇಸರವಾದಾಗ ಊರು ಬದಲಿಸುತ್ತವೆ, ಕಂಡಕ್ಟರ್ ಕೇಳಿದವರಿಗೆ ನಿನ್ನೆಗೂ ಟಿಕೆಟ್ ಕೊಡುತ್ತಾನೆ. ಮೊದಲ ಕಂತು ಇನ್ನೂ ಹೊರಬಂದಿಲ್ಲ. 2025ರ ಏಪ್ರಿಲ್‌ನಿಂದ ಈಚೆಗೆ ನಾನು ಚಿತ್ರ ಬಿಡಿಸಿದಷ್ಟೇ ಹೊತ್ತನ್ನು, ಅದನ್ನು ಮುಂದೆ ನೋಡಲಿರುವವರ ಅನುಮಾನಗಳನ್ನು ಕೇಳುವುದಕ್ಕೂ ಕೊಟ್ಟಿದ್ದೇನೆ. ಆ ಅನುಮಾನಗಳು ಸರಣಿಯನ್ನು ಹೇಗೆ ತಿದ್ದಿದವೆಂಬುದನ್ನು, ಇಂಥ ಕೆಲಸಕ್ಕೆ ಕೈಹಾಕಿದವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾವು ಮೊದಲು ಸಿದ್ಧಪಡಿಸಿದ ಟ್ರೇಲರ್ 70 ಸೆಕೆಂಡಿನದಾಗಿತ್ತು. ಅದರಲ್ಲಿ 19 ವಿಚಿತ್ರಗಳನ್ನು ಒಂದರ ಹಿಂದೊಂದು ಪೋಣಿಸಿದ್ದೆ. ಅದನ್ನು ಗಂಗಾವತಿಯ ಒಂದು ಚಹಾ ಅಂಗಡಿಯಲ್ಲಿ, ಕೊಪ್ಪಳದ ಒಂದು ವಿದ್ಯಾರ್ಥಿ ನಿಲಯದಲ್ಲಿ, ಕಾರಟಗಿಯ ಹತ್ತಿರವಿರುವ ನನ್ನ ಅಕ್ಕನ ಗಂಡನ ಮನೆಯ ಅಂಗಳದಲ್ಲಿ ತೋರಿಸಿದೆ. ತೋರಿಸಿದ ಮೇಲೆ "ಹೆಂಗೈತ್ರಿ?" ಎಂದು ಕೇಳುತ್ತಿದ್ದೆ. "ಛಲೋ ಐತಿ" ಎಂಬ ಉತ್ತರ ಬರುತ್ತಿತ್ತು. ಎದುರಿಗೆ ಕುಳಿತವನ ಮನಸ್ಸು ನೋಯಿಸಬಾರದೆಂಬ ಆ ಸೌಜನ್ಯದಿಂದ ನನಗೆ ತಿಳಿಯುವುದು ಏನೂ ಇರಲಿಲ್ಲ. ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ. "ಇದು ಪೂರ್ತಿ ಬಂದಾಗ ಇದರಾಗ ಏನೇನ್ ಇರಬಹುದು, ನೀವಾ ಹೇಳ್ರಿ" ಎಂದು ಕೇಳತೊಡಗಿದೆ. ಆಗ ಜನ ಹೊಗಳಬೇಕಾದ ಭಾರದಿಂದ ಬಿಡುಗಡೆಯಾದರು. ತಾವು ಏನನ್ನು ನಿರೀಕ್ಷಿಸುತ್ತಿದ್ದೇವೆ, ಯಾವುದು ಕೈಕೊಡಬಹುದು ಎಂಬುದನ್ನು ಬಿಚ್ಚಿ ಹೇಳಿದರು. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆ. ಅವರ ಮುಂದೆ ಒಂದಕ್ಕೂ ಸಮರ್ಥನೆ ಕೊಡಲಿಲ್ಲ.

ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಚಹಾ ಅಂಗಡಿಯ ಗಲ್ಲೆಯ ಮುಂದೆ ಕುಳಿತಿದ್ದ ಹಿರಿಯರೊಬ್ಬರ ಮಾತು. "ತಮ್ಮಾ, ಎಮ್ಮಿ ಮಾತಾಡ್ತೈತಿ, ಬಸ್ಸು ಹಾರತೈತಿ, ಮನಷಾ ಕರಗತಾನ. ಏನ್ ಬೇಕಾದ್ರೂ ಆಗತೈತಿ ಅಂದ್ರ, ಮುಂದೇನಾಗತೈತಿ ಅಂತ ನಾ ಯಾಕ ಕಾಯ್ಲಿ?" ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಸಂಗತ ಹಾಸ್ಯವೆಂದರೆ ಹಿಡಿತವಿಲ್ಲದ ಸ್ವಾತಂತ್ರ್ಯವೆಂದು ನಾನು ತಿಳಿದಿದ್ದೆ. ನಗು ಹುಟ್ಟುವುದು ನೋಡುಗ ಒಂದನ್ನು ಎದುರುನೋಡುತ್ತಿರುವಾಗ ಇನ್ನೊಂದು ಬಂದಾಗ. ಎದುರುನೋಡುವುದಕ್ಕೇ ಏನೂ ಇಲ್ಲದಿದ್ದರೆ ಹಾರುವ ಬಸ್ಸು ಕೂಡ ಎರಡನೆಯ ಸಲಕ್ಕೆ ಹಳತಾಗುತ್ತದೆ.

ದಾರಿ ಸಿಕ್ಕಿದ್ದು ನಮ್ಮ ಭಾಗದ ಆಟಗಳಲ್ಲೇ. ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತಗಳ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ನುಗ್ಗಿ ಬರುತ್ತಾರೆ. ರಾಜಾಧಿರಾಜರ ಎದುರು ದಿನಬಳಕೆಯ ಮಾತಿನಲ್ಲಿ ಜಗಳವಾಡುತ್ತಾರೆ, ಈ ಹೊತ್ತಿನ ಊರಿನ ಸುದ್ದಿಯನ್ನು ಪುರಾಣದೊಳಗೆ ಎಳೆದು ತರುತ್ತಾರೆ. ಇದಕ್ಕಿಂತ ಅಸಂಗತವಾದ ಜೋಡಣೆ ಇನ್ನೊಂದಿರಲಾರದು. ಆದರೂ ನೋಡುವವರಿಗೆ ದಿಕ್ಕು ತಪ್ಪುವುದಿಲ್ಲ, ಏಕೆಂದರೆ ಕಿಳ್ಳೇಕ್ಯಾತನ ಸ್ವಭಾವ ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾನು ಈ ಆಟದ ಬಗ್ಗೆ ಮತ್ತೆ ಓದಿ ನೋಡತೊಡಗಿದ್ದೆ. ಹಿರಿಯರ ಪ್ರಶ್ನೆ ಎದುರಾದಾಗ ಆ ಓದು ಕೆಲಸಕ್ಕೆ ಬಂತು. ಇನ್ನೊಂದು ಪಾಠ ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದ್ದು. ಅಲ್ಲಿ ಪಾತ್ರವೊಂದು ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ತಡೆದು ನಿಲ್ಲಿಸಿ ಹೆಸರು, ಊರು, ಬಂದ ಕಾರಣ ಕೇಳುತ್ತಾನೆ. ಎಂಥ ರಕ್ಕಸನಾದರೂ ಸಾರಥಿಗೆ ಲೆಕ್ಕ ಒಪ್ಪಿಸಿಯೇ ಮುಂದೆ ಹೋಗಬೇಕು. ನಮ್ಮ ಕಂಡಕ್ಟರನನ್ನು ನಾನು ಆ ಸಾರಥಿಯ ಜಾಗದಲ್ಲಿ ನಿಲ್ಲಿಸಿದೆ. ಈಗ ಬಸ್ಸು ಹತ್ತುವ ಯಾವ ವಿಚಿತ್ರವೂ ಅವನ ಪ್ರಶ್ನೆಗೆ ಉತ್ತರ ಕೊಡದೆ ಒಳಗೆ ಬರುವಂತಿಲ್ಲ.

ಅದರ ಜೊತೆಗೆ ಇಡೀ ಲೋಕಕ್ಕೆ ಒಂದೇ ಒಂದು ನಿಯಮವನ್ನು ಗೊತ್ತುಮಾಡಿದೆವು: ನಿನ್ನೆಗೆ ಹೋಗಿ ಬಂದವರು ಒಂದು ಪದವನ್ನು ಅಲ್ಲಿಯೇ ಬಿಟ್ಟು ಬರಬೇಕು, ಆಮೇಲೆ ಆ ಪದ ಅವರ ಬಾಯಿಗೆ ಎಂದಿಗೂ ಬರುವುದಿಲ್ಲ. ಈ ನಿಯಮ ಬಂದ ಮೇಲೆ ಆರೂ ಕಂತುಗಳನ್ನು ಹೊಸದಾಗಿ ಬರೆಯಬೇಕಾಯಿತು. 19 ವಿಚಿತ್ರಗಳಲ್ಲಿ 13 ಬಿದ್ದುಹೋದವು. ಅವುಗಳಲ್ಲಿ ಕೆಲವು ನನಗೆ ಬಹಳ ಪ್ರಿಯವಾಗಿದ್ದವು, ಹಾರುವ ಬಸ್ಸು ಕೂಡ ಹೋಯಿತು. ಆದರೆ ಉಳಿದ ಆರಕ್ಕೆ ತೂಕ ಬಂತು. ಮೊದಲ ಕಂತಿನಲ್ಲಿ ಕಂಡಕ್ಟರ್ ಸತ್ತ ತಾಯಿಯ ಕೈಯ ರೊಟ್ಟಿ ತಿನ್ನಲು ತಾನೇ ನಿನ್ನೆಗೆ ಹೋಗಿ, ಮರಳಿ ಬರುವಾಗ "ರೈಟ್" ಎಂಬ ಪದವನ್ನು ಕಳೆದುಕೊಳ್ಳುತ್ತಾನೆ. ಬಸ್ಸು ತುಂಬಿ ನಿಂತಿದೆ, ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದಾನೆ, ಕಂಡಕ್ಟರನ ಬಾಯಿ ತೆರೆದಿದೆ, ಪದ ಬರುತ್ತಿಲ್ಲ. ಆ ದೃಶ್ಯವನ್ನು ಕಾಗದದ ಮೇಲೆ ಬರೆದಾಗಲೇ ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕಿದ್ದರು, ಮತ್ತು ಸ್ವಲ್ಪ ಹೊತ್ತು ಸುಮ್ಮನಾಗಿದ್ದರು.

ಎರಡನೆಯ ಅನುಮಾನ ನಮ್ಮ ಮಾತಿನ ಬಗ್ಗೆ ಇತ್ತು, ಮತ್ತು ಅದರಲ್ಲಿ ಹಳೆಯ ನೋವಿತ್ತು. ಸಿನಿಮಾ ಮತ್ತು ಧಾರಾವಾಹಿಗಳಲ್ಲಿ ಉತ್ತರ ಕರ್ನಾಟಕದ ಮಾತನಾಡುವವನು ಬಹಳ ಸಲ ಅಡುಗೆಯವನೋ, ಪೆದ್ದನೋ, ನಾಯಕನ ಹಿಂದೆ ಓಡಾಡುವ ಗೆಳೆಯನೋ ಆಗಿರುತ್ತಾನೆ. ಅವನು ಬಾಯಿ ತೆರೆದರೆ ಸಾಕು, ಜನ ನಗಬೇಕೆಂಬುದು ಅಲ್ಲಿಯ ಲೆಕ್ಕಾಚಾರ. ಅಂಗಳದಲ್ಲಿ ಟ್ರೇಲರ್ ನೋಡಿದ ಒಬ್ಬ ಶಿಕ್ಷಕಿ ನೇರವಾಗಿ ಕೇಳಿದರು: "ಸರ, ನಮ್ಮ ಮಾತು ಕೇಳಿ ನಗಬೇಕೋ, ನಮ್ಮ ಮಾತಿನ್ಯಾಗ ನಗಬೇಕೋ?" ಆ ಟ್ರೇಲರ್‌ನಲ್ಲಿ ಬಸ್ಸು ತಪಾಸಣೆಗೆ ಬರುವ ಅಧಿಕಾರಿ ಪುಸ್ತಕದ ಕನ್ನಡ ಆಡುತ್ತಿದ್ದ, ಎಮ್ಮೆ ಕೊಪ್ಪಳದ ಕನ್ನಡ ಆಡುತ್ತಿತ್ತು. ನಾನು ಬೇಕೆಂದು ಹಾಗೆ ಮಾಡಿರಲಿಲ್ಲ, ಆದರೆ ಮಾಡಿದ್ದು ಅದನ್ನೇ. ಈಗ ಸರಣಿಯಲ್ಲಿ ಅಧಿಕಾರಿ, ವೈದ್ಯೆ, ಎಮ್ಮೆ, ಮೈಲಿಗಲ್ಲು ಎಲ್ಲರದೂ ಒಂದೇ ಕನ್ನಡ. ಮಾತು ಎಲ್ಲರದ್ದಾದಾಗ ಮಾತಿನ ಧಾಟಿಯೇ ನಗೆಯ ಸರಕಾಗುವುದು ನಿಂತು, ಆಡಿದ ಮಾತಿನ ಅರ್ಥಕ್ಕೆ ನಗಬೇಕಾಗುತ್ತದೆ, ಹಾಗಾಗಿ ಸಂಭಾಷಣೆಯನ್ನು ಇನ್ನಷ್ಟು ಜಾಗರೂಕತೆಯಿಂದ ಬರೆಯಬೇಕಾಯಿತು. ಧ್ವನಿ ಮುದ್ರಣವನ್ನು ನಾವು ಅದೇ ಕೋಣೆಯಲ್ಲಿ, ಗೋಡೆಗಳಿಗೆ ಕೌದಿ ಕಟ್ಟಿ ಮಾಡಿದೆವು. ಮೇ ತಿಂಗಳ ಬಿಸಿಲಿನಲ್ಲಿ, ಸದ್ದಾಗಬಾರದೆಂದು ಫ್ಯಾನ್ ನಿಲ್ಲಿಸಿ, ಒಂದೊಂದು ಸಾಲನ್ನು ಹತ್ತಾರು ಬಾರಿ ಹೇಳಿದ ನನ್ನ ಗೆಳೆಯರ ತಾಳ್ಮೆಗೆ ನಾನು ಋಣಿ.

ವಿದ್ಯಾರ್ಥಿ ನಿಲಯದ ಹುಡುಗರ ಅನುಮಾನ ಬೇರೆಯೇ ಆಗಿತ್ತು. ಟ್ರೇಲರ್ ಮುಗಿಯುವ ಮೊದಲೇ ಒಬ್ಬ "ಅಣ್ಣಾ, ಇದು ಎಐ ಮಾಡಿದ್ದಲ್ಲೇನು?" ಎಂದ. ಅದನ್ನು ಅವಮಾನವೆಂದು ತಿಳಿಯದೆ ಯೋಚಿಸಿದೆ. ಮೊದಲು ವಿಚಿತ್ರವಾದ ಚಿತ್ರವೊಂದನ್ನು ಕಂಡರೆ, ಇದನ್ನು ಯಾರೋ ಕುಳಿತು ಕಲ್ಪಿಸಿದ್ದಾರೆ ಎಂಬ ಬೆರಗು ಜೊತೆಗೇ ಬರುತ್ತಿತ್ತು. ಈಗ ಯಂತ್ರ ಕ್ಷಣದಲ್ಲಿ ಹೆತ್ತ ವಿಚಿತ್ರಗಳು ದಿನಕ್ಕೆ ನೂರಾರು ಅವರ ಮೊಬೈಲಿನಲ್ಲಿ ಹಾದುಹೋಗುತ್ತವೆ. ಬರೀ ವಿಚಿತ್ರಕ್ಕೆ ಬೆಲೆ ಉಳಿದಿಲ್ಲ. ಮಾತಿನಲ್ಲಿ ಉತ್ತರಿಸುವ ಬದಲು, ಮುಂದಿನ ವಾರ ನಮ್ಮ ಹಾಳೆಗಳ ಕಟ್ಟನ್ನೇ ಅಲ್ಲಿಗೆ ಒಯ್ದೆ. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಏಳು ನಿಮಿಷಕ್ಕೆ 10,080 ಫ್ರೇಮ್‌ಗಳಾಗುತ್ತವೆ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 5,040 ಭಂಗಿಗಳು ಬೇಕು. ಎಲ್ಲವನ್ನೂ ಹೊಸದಾಗಿ ಬಿಡಿಸುವುದು ನಾಲ್ವರಿಂದ ಆಗದ ಮಾತಾದ್ದರಿಂದ, ತೊಗಲುಗೊಂಬೆಗೆ ಕೈಕಾಲುಗಳನ್ನು ದಾರದಿಂದ ಜೋಡಿಸುವಂತೆ, ನಮ್ಮ ಪಾತ್ರಗಳನ್ನು ಬಿಡಿ ಬಿಡಿ ಅಂಗಗಳಾಗಿ ಬಿಡಿಸಿ, ಕಂಪ್ಯೂಟರಿನಲ್ಲಿ ಕೀಲು ಕೂಡಿಸಿ ಆಡಿಸುತ್ತೇವೆ.

ಹುಡುಗರು ಹೆಚ್ಚು ಹೊತ್ತು ನೋಡಿದ್ದು ಬಾಯಿಗಳ ಹಾಳೆಯನ್ನು. ಅನಿಮೇಷನ್ ಕಲಿಸುವ ಕಡೆ ಸಿಗುವ ಬಾಯಿಯ ಆಕಾರಗಳ ಪಟ್ಟಿ ಇಂಗ್ಲಿಷ್ ಉಚ್ಚಾರಕ್ಕೆ ಹೊಂದಿಸಿದ್ದು. ಅದನ್ನು ಬಳಸಿದಾಗ ನಮ್ಮ ಕಂಡಕ್ಟರ್ ಡಬ್ಬಿಂಗ್ ಆದವನಂತೆ ಕಾಣುತ್ತಿದ್ದ. ಕನ್ನಡದಲ್ಲಿ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ, ಹ್ರಸ್ವ ಮತ್ತು ದೀರ್ಘದ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ. ಹಾಗಾಗಿ ನಾವು ಕನ್ನಡಿಯ ಮುಂದೆ ಕುಳಿತು 12 ಆಕಾರಗಳ ಬೇರೆ ಪಟ್ಟಿ ಮಾಡಿಕೊಂಡೆವು: ಸ್ವರಗಳಿಗೆ ಪ್ರತ್ಯೇಕ, ಪ-ಬ-ಮಗಳಿಗೆ ತುಟಿ ಮುಚ್ಚಿದ್ದು, ವಕಾರಕ್ಕೆ ಹಲ್ಲು ತುಟಿಗೆ ತಾಗಿದ್ದು, ಹೀಗೆ. ದೀರ್ಘ ಬಂದಲ್ಲಿ ಆಕಾರವನ್ನು ಎರಡರಿಂದ ನಾಲ್ಕು ಫ್ರೇಮ್ ಹೆಚ್ಚು ಹಿಡಿಯುತ್ತೇವೆ. "ಬರ್ರೀ" ಎನ್ನುವಾಗ ಕೊನೆಯ ಈಕಾರ ನಿಲ್ಲದಿದ್ದರೆ ಕರೆಯುವವರ ಅಕ್ಕರೆಯೇ ಮುಖದಲ್ಲಿ ಕಾಣುವುದಿಲ್ಲ. ಆ ಹಾಳೆ ನೋಡಿದ ಮೇಲೆ ಎಐ ಮಾತು ಮತ್ತೆ ಬರಲಿಲ್ಲ.

ಒಂದು ಅನುಮಾನದ ಮುಂದೆ ಮಾತ್ರ ನಾನು ತಲೆತಗ್ಗಿಸಿದೆ. ಮೊದಲಿನ ಬರವಣಿಗೆಯಲ್ಲಿ ಎರಡನೆಯ ಕಂತಿನ ಅತಿಥಿ ಪಾತ್ರ ಅಣೆಕಟ್ಟಿನ ಒಂದು ಗೇಟ್ ಆಗಿತ್ತು. ನಿಂತು ನಿಂತು ಕಾಲು ನೋವಾಗಿ ಅದು ಬಸ್ಸು ಹತ್ತುತ್ತಿತ್ತು. ಕಾರಟಗಿಯ ಅಂಗಳದಲ್ಲಿ ಆ ತುಣುಕು ಬಂದಾಗ ಯಾರೂ ನಗಲಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. ಹರಿವ ನೀರಿಗೆ ಅಡ್ಡವಾಗಿ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ನಿಲ್ಲಿಸುವವರೆಗೆ, ಎಡದಂಡೆ ಕಾಲುವೆಯನ್ನು ನಂಬಿ ಭತ್ತ ನಾಟಿ ಮಾಡಿದ ಕೊಪ್ಪಳ ಮತ್ತು ರಾಯಚೂರಿನ ರೈತರು ದಿನಗಳನ್ನು ಎಣಿಸಿದ್ದರು. ಅಕ್ಕನ ಮಾವ ನನ್ನನ್ನು ಬೈಯಲಿಲ್ಲ. "ಆ ವಾರ ಮನ್ಯಾಗ ಯಾರೂ ಸರಿಯಾಗಿ ಉಂಡಿದ್ದಿಲ್ಲಪ್ಪ" ಎಂದಷ್ಟೇ ಹೇಳಿ ಎದ್ದುಹೋದರು. ಅಸಂಗತ ಲೋಕದಲ್ಲಿ ಯಾವುದಕ್ಕೂ ನೋವಾಗುವುದಿಲ್ಲವೆಂಬ ಭಾವನೆಯಲ್ಲಿ ನಾನು ಬರೆದಿದ್ದೆ. ಗೇಟನ್ನು ತೆಗೆದು, ಅದರ ಜಾಗಕ್ಕೆ ಭತ್ತ ತೂಗುವ ಕಾಟಾ ಒಂದನ್ನು ತಂದೆ. ಅದಕ್ಕೆ ಸುಳ್ಳು ತೂಕ ಹೇಳಲು ಬಾರದು. ಹತ್ತಿದವರ ತೂಕದ ಜೊತೆಗೆ ಅವರ ಮನಸ್ಸಿನ ಭಾರವನ್ನೂ ಕಿಲೋ ಲೆಕ್ಕದಲ್ಲಿ ಜೋರಾಗಿ ಹೇಳಿಬಿಡುತ್ತದೆ. ಅದೇ ಅಂಗಳದಲ್ಲಿ ಇದನ್ನು ಓದಿ ಹೇಳಿದಾಗ ಮಾವ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಕಾರ್ಟೂನ್ ಎಂದರೆ ಮಕ್ಕಳದ್ದೆಂಬ ಮಾತು ಎಲ್ಲ ಕಡೆ ಬಂತು; ಹಿರಿಯರು ಮಕ್ಕಳ ನೆಪದಲ್ಲಿ ಕೊನೆಯವರೆಗೂ ನೋಡುತ್ತಾರೆಂಬುದನ್ನು ಕಂಡು ಅದನ್ನು ಅಲ್ಲಿಗೇ ಬಿಟ್ಟೆ. "ಎರಡು ಕಂತು ಬಿಟ್ಟು ನಿಂತುಹೋಗತೈತಿ" ಎಂಬ ಅನುಮಾನ ಹಾಗೆ ಬಿಡುವಂಥದ್ದಾಗಿರಲಿಲ್ಲ. ಅದಕ್ಕೆ ಮಾತಿನ ಭರವಸೆ ಸಾಲದು. ಆರೂ ಕಂತುಗಳು ಮುಗಿಯುವವರೆಗೆ ಮೊದಲನೆಯದನ್ನು ಬಿಡುಗಡೆ ಮಾಡುವುದಿಲ್ಲವೆಂದು ತೀರ್ಮಾನಿಸಿದೆವು. ಈಗ ನಾಲ್ಕು ಸಿದ್ಧವಾಗಿವೆ. ಟ್ರೇಲರ್ ಅನ್ನೂ ಬದಲಿಸಿದೆವು. ಹೊಸದರಲ್ಲಿ 40 ಸೆಕೆಂಡಿನ ಒಂದೇ ದೃಶ್ಯವಿದೆ: ಒಬ್ಬಳು ಹುಡುಗಿ ನಿನ್ನೆಗೊಂದು ಟಿಕೆಟ್ ಕೇಳುತ್ತಾಳೆ, ಕಂಡಕ್ಟರ್ ನಿಯಮ ಹೇಳುತ್ತಾನೆ, ಹುಡುಗಿ ಯಾವ ಪದ ಬಿಡಲಿ ಎಂದು ಯೋಚಿಸುತ್ತಾಳೆ. ಇದನ್ನು ತೋರಿಸಿದಾಗ ಚಹಾ ಅಂಗಡಿಯ ಹಿರಿಯರು ಮೊಬೈಲನ್ನು ಮರಳಿ ಕೊಡದೆ "ಮುಂದ?" ಎಂದರು.

ಉಳಿದಿರುವ ಆಕ್ಷೇಪ ಒಂದೇ. ಅಕ್ಕನ ಅತ್ತೆಗೆ ನಾಲ್ಕೂ ಕಂತುಗಳನ್ನು ತೋರಿಸಿದೆ. ಮಾತಾಡುವ ಮೈಲಿಗಲ್ಲನ್ನೂ ನಿನ್ನೆಯ ಟಿಕೆಟನ್ನೂ ಅವರು ಹುಬ್ಬೇರಿಸದೆ ಒಪ್ಪಿಕೊಂಡರು. ಕೊನೆಗೆ, "ಅಲ್ಲಪ್ಪಾ, ಇಷ್ಟ್ ಬಿಸಲಾಗ ಆ ಎಮ್ಮಿಗೆ ಒಬ್ರರ ನೀರ್ ಕುಡಿಸಿದ್ರೇನು?" ಎಂದು ಕೇಳಿದರು. ನಾಲ್ಕು ಕಂತುಗಳಲ್ಲಿ ಯಾರೂ ಕುಡಿಸಿರಲಿಲ್ಲ. ಮೊದಲ ಕಂತಿನಲ್ಲಿ ಬಸ್ಸು ಬೂದಗುಂಪಾ ಕ್ರಾಸಿನಲ್ಲಿ ನಿಂತಾಗ ಕಂಡಕ್ಟರ್ ಬಕೆಟ್ ಹಿಡಿದು ಕಿಟಕಿಯ ಹತ್ತಿರ ಬರುವ ನಾಲ್ಕು ಸೆಕೆಂಡಿನ ದೃಶ್ಯವನ್ನು ಸೇರಿಸುತ್ತಿದ್ದೇನೆ. ಅದು 96 ಫ್ರೇಮ್, 48 ಭಂಗಿ. ಎಮ್ಮೆಯ ಗಂಟಲಿನಲ್ಲಿ ನೀರಿನ ಗುಟುಕು ಇಳಿಯುವುದು ಕಾಣಬೇಕಾದ್ದರಿಂದ ಕತ್ತನ್ನು ಕೀಲಿನಲ್ಲಿ ಆಡಿಸದೆ ಹೊಸದಾಗಿಯೇ ಬಿಡಿಸಬೇಕು. ಈ ವಾರ ಅದೇ ಕೆಲಸ ನಡೆದಿದೆ.