ಬೆಂಗಳೂರು ಮುಟ್ಟದೆ ಮೈಸೂರಿನಿಂದ ಕಲಬುರಗಿಗೆ

ಕಲಬುರಗಿಗೆ ಕಾರಿನಲ್ಲಿ ಹೊರಟಿದ್ದೇವೆ ಅಂದ ಕೂಡಲೇ ಮೈಸೂರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಬೆಂಗಳೂರು ಎಷ್ಟು ಹೊತ್ತಿಗೆ ದಾಟ್ತೀರಿ?’ ನಾವು ಬೆಂಗಳೂರಿನ ಕಡೆಗೆ ಹೋಗುವುದೇ ಇಲ್ಲ. ನನ್ನ ಹೆಂಡತಿಯ ತವರು ಕಲಬುರಗಿ. ವರ್ಷಕ್ಕೊಮ್ಮೆಯಾದರೂ ಹೋಗಲೇಬೇಕು. ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಮ್ಮ ಇರುತ್ತಾರೆ, ಪಕ್ಕದಲ್ಲಿ ಮಗಳು. ಕ್ಲಚ್ಚು ಬ್ರೇಕು ಒತ್ತುತ್ತಾ ನಗರದೊಳಗೆ ತೆವಳುವ ಒಂದು ಗಂಟೆ, ಆಮೇಲಿನ ಮೂರು ಗಂಟೆಯ ಉತ್ಸಾಹವನ್ನೂ ತಿಂದುಬಿಡುತ್ತದೆ. ನಾನು ತಪ್ಪಿಸಿಕೊಳ್ಳುವುದು ಆ ದಣಿವನ್ನು. ಸಮಯ ಉಳಿದರೆ ಒಳ್ಳೆಯದೇ, ಉಳಿಯದಿದ್ದರೂ ಬೇಸರವಿಲ್ಲ.

ನಮ್ಮ ದಾರಿ ರಾಷ್ಟ್ರೀಯ ಹೆದ್ದಾರಿ 150ಎ. ಚಾಮರಾಜನಗರದಿಂದ ಜೇವರ್ಗಿಯವರೆಗೆ ಬಹುತೇಕ ಇಡೀ ರಾಜ್ಯವನ್ನು ದಕ್ಷಿಣೋತ್ತರವಾಗಿ ದಾಟುವ ರಸ್ತೆ ಇದು. ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಕಡೆ ತಿರುಗಿದರೆ ನಾಗಮಂಗಲ, ಬೆಳ್ಳೂರು ಕ್ರಾಸ್, ತುರುವೇಕೆರೆ, ಕೆ.ಬಿ. ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು. ಅಲ್ಲಿಂದ ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು, ಸುರಪುರ, ಶಹಾಪುರ, ಜೇವರ್ಗಿ. ಅಷ್ಟೂ ಊರುಗಳಲ್ಲಿ ದೊಡ್ಡ ನಗರ ಅನ್ನಬಹುದಾದದ್ದು ಬಳ್ಳಾರಿ ಒಂದೇ. ಒಟ್ಟು ಸುಮಾರು 650 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಹಿಡಿದು ಬೆಂಗಳೂರಿನ ಅಂಚಿಗೆ ಹೋಗಿ, ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆ ಸೇರಿ, ಶಿರಾ ಮೇಲೆ ಹಿರಿಯೂರಿಗೆ ಬರುವುದಾದರೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಜಾಸ್ತಿಯೇ ಆಗುತ್ತದೆ.

ಮೊದಲ ಸಲ ಇದನ್ನು ಯೋಚಿಸಿದಾಗ ಫೋನ್ ಬದಿಗಿಟ್ಟು ರಾಜ್ಯದ ರಸ್ತೆ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ದೊಡ್ಡ ಹೆದ್ದಾರಿಗಳು ನಮ್ಮ ದಾರಿಯನ್ನು ಎಲ್ಲೆಲ್ಲಿ ಅಡ್ಡ ಹಾಯುತ್ತವೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಬೆಳ್ಳೂರು ಕ್ರಾಸ್‌ನಲ್ಲಿ ಬೆಂಗಳೂರು–ಮಂಗಳೂರು ರಸ್ತೆ. ಕೆ.ಬಿ. ಕ್ರಾಸ್‌ನಲ್ಲಿ ತುಮಕೂರು–ಶಿವಮೊಗ್ಗ ರಸ್ತೆ. ಹಿರಿಯೂರಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿ. ಬಳ್ಳಾರಿಯಲ್ಲಿ ಹುಬ್ಬಳ್ಳಿ ಕಡೆಯ ರಸ್ತೆ. ಈ ಕೂಡುರಸ್ತೆಗಳೇ ನನ್ನ ಧೈರ್ಯ. ಮುಂದೆ ರಸ್ತೆ ಅಗೆದಿದ್ದಾರೆ, ಸೇತುವೆ ಮುಚ್ಚಿದ್ದಾರೆ ಎಂದು ಗೊತ್ತಾದರೆ ಹಿಂದಿನ ಕೂಡುರಸ್ತೆಯಲ್ಲೇ ಹೊರಳಿಕೊಳ್ಳಬಹುದು. ಹಿರಿಯೂರಿನ ಆಚೆ ರಸ್ತೆ ಕೆಲಸ ನಡೆಯುತ್ತಿದ್ದಾಗ ನಾವು ಚಿತ್ರದುರ್ಗ, ಹೊಸಪೇಟೆ ಮೇಲೆ ಹೋದದ್ದೂ ಇದೆ. ದಾರಿ ಗೊತ್ತು ಮಾಡುವಾಗ ಮೊದಲು ನೋಡಬೇಕಾದದ್ದು ಎಲ್ಲೆಲ್ಲಿ ಮನಸ್ಸು ಬದಲಾಯಿಸಬಹುದು ಅನ್ನುವುದನ್ನು. ಎಲ್ಲೆಲ್ಲಿ ನಿಲ್ಲಬೇಕು ಅನ್ನುವುದು ಆಮೇಲೆ.

ಗೂಗಲ್ ಮ್ಯಾಪ್ ನಾನೂ ಬಳಸುತ್ತೇನೆ. ಆದರೆ ಮೈಸೂರು, ಕಲಬುರಗಿ ಎಂದು ಎರಡೇ ಹೆಸರು ಕೊಟ್ಟರೆ ಅದು ಆ ಗಳಿಗೆಯ ಲೆಕ್ಕ ಹಾಕಿ ತನಗೆ ಸರಿ ಕಂಡ ಕಡೆಗೆ ಎಳೆಯುತ್ತದೆ. ಅದಕ್ಕೇ ದಾರಿಯನ್ನು ತುಂಡು ತುಂಡು ಮಾಡಿ ಕೊಡುತ್ತೇನೆ. ಮೊದಲು ನಾಗಮಂಗಲ, ಆಮೇಲೆ ಹುಳಿಯಾರು, ಆಮೇಲೆ ಚಳ್ಳಕೆರೆ, ಹೀಗೆ. ಒಂದು ಸಣ್ಣ ವಿಷಯ: ಊರಿನ ಹೆಸರು ಮಾತ್ರ ಹಾಕಿದರೆ ಮ್ಯಾಪ್ ನಮ್ಮನ್ನು ಊರಿನ ನಡುವಿಗೆ, ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಕರೆದೊಯ್ಯುತ್ತದೆ. ಊರ ಹೊರಗಿನ ಯಾವುದಾದರೂ ಪೆಟ್ರೋಲ್ ಬಂಕ್ ಹುಡುಕಿ ಅಲ್ಲಿಗೆ ಗುರುತು ಹಾಕಿ. ಬೈಪಾಸ್ ಇದ್ದರೆ ಅದೇ ಸಿಗುತ್ತದೆ. ‘ಹೆದ್ದಾರಿ ಬೇಡ’ ಅನ್ನುವ ಆಯ್ಕೆಯನ್ನು ಮಾತ್ರ ಒತ್ತಬೇಡಿ. ಅದು ತೋಟದ ದಾರಿ, ಕೆರೆ ಏರಿಗಳ ಮೇಲೆಲ್ಲ ಸುತ್ತಿಸುತ್ತದೆ. ನಡುವೆ ‘ಹತ್ತು ನಿಮಿಷ ಉಳಿಯುತ್ತದೆ’ ಎಂದು ಹೊಸ ಅಡ್ಡದಾರಿ ತೋರಿಸಿದರೂ ನಾನು ಒಪ್ಪುವುದಿಲ್ಲ. ಚಳ್ಳಕೆರೆ ದಾಟಿದ ಮೇಲೆ ಅಲ್ಲಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು.

ಗೊತ್ತಿಲ್ಲದ ರಸ್ತೆ ಹೇಗಿದೆ ಎಂದು ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಆ ದಾರಿಯಲ್ಲಿ ದೂರದೂರಿನ ಸರ್ಕಾರಿ ಬಸ್ ಓಡುತ್ತದೆಯೇ ಎಂದು ನೋಡುತ್ತೇನೆ. ರಾತ್ರಿ ಬಸ್ ಓಡುವ ರಸ್ತೆ ಅಂದರೆ ಒಂದು ಮಟ್ಟಕ್ಕೆ ನಂಬಬಹುದು. ಡಿಪೋ ಹತ್ತಿರದ ಟೀ ಅಂಗಡಿಯಲ್ಲಿ ಡ್ರೈವರ್‌ಗಳನ್ನು ಮಾತಾಡಿಸಿದರೆ ಎಲ್ಲಿ ಹಂಪ್ಸ್ ಜಾಸ್ತಿ, ಎಲ್ಲಿ ಡಾಂಬರು ಕಿತ್ತಿದೆ ಎಂದು ಬಿಡಿಸಿ ಹೇಳುತ್ತಾರೆ. ಇಷ್ಟು ತಾಜಾ ಸುದ್ದಿ ಬೇರೆಲ್ಲೂ ಸಿಗುವುದಿಲ್ಲ.

ಇನ್ನು ಹೊತ್ತಿನ ವಿಷಯ. ದೊಡ್ಡ ನಗರ ತಪ್ಪಿಸಿದರೆ ಸಾಲದು, ಸಣ್ಣ ಊರುಗಳಿಗೂ ಅವುಗಳದೇ ಆದ ಗದ್ದಲದ ಹೊತ್ತು ಇರುತ್ತದೆ. ಸಂತೆಯ ದಿನ ತಾಲ್ಲೂಕು ಕೇಂದ್ರದ ಒಂದು ಕಿಲೋಮೀಟರ್ ದಾಟಲು ಅರ್ಧ ಗಂಟೆ ಬೇಕಾದೀತು. ರಸ್ತೆಯ ಎರಡೂ ಕಡೆ ತರಕಾರಿ ರಾಶಿ, ನಡುವೆ ಕುರಿ ತುಂಬಿದ ಗೂಡ್ಸ್ ಆಟೋ. ಹೊರಡುವ ವಾರ ಗೊತ್ತಾದ ಮೇಲೆ ದಾರಿಯ ಊರುಗಳ ಸಂತೆ ಯಾವತ್ತು ಎಂದು ವಿಚಾರಿಸಿ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಬೆಳಗಿನ ಹೊತ್ತು ಸಂತೆ ಇನ್ನೂ ಕಟ್ಟುತ್ತಿರುತ್ತದೆ, ಆಗ ದಾಟಿಬಿಟ್ಟರೆ ಏನೂ ತೊಂದರೆಯಿಲ್ಲ. ಶಾಲೆ ಬಿಡುವ ಹೊತ್ತನ್ನೂ ನೋಡಿಕೊಳ್ಳಬೇಕು. ಹೈಸ್ಕೂಲು ರಸ್ತೆಗೆ ಅಂಟಿಕೊಂಡೇ ಇರುತ್ತದೆ, ಸಂಜೆ ನಾಲ್ಕೂವರೆಗೆ ಸೈಕಲ್‌ಗಳು ಒಟ್ಟಿಗೆ ರಸ್ತೆಗಿಳಿಯುತ್ತವೆ.

ನನ್ನ ಲೆಕ್ಕದಲ್ಲಿ ಈ ಪ್ರಯಾಣದ ಗಡಿಯಾರ ತಿರುಗುವುದು ಬಳ್ಳಾರಿಯ ಸುತ್ತ. ಅದನ್ನು ಮಧ್ಯಾಹ್ನ ಎರಡರ ಆಸುಪಾಸಿನಲ್ಲಿ ದಾಟಬೇಕು. ಜನ ಊಟಕ್ಕೆ ಮನೆ ಸೇರಿರುತ್ತಾರೆ, ಬಿಸಿಲಿಗೆ ಬೀದಿ ಖಾಲಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಎರಡು ಪಥದ ರಸ್ತೆಯಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರ್‌ಗಿಂತ ಜಾಸ್ತಿ ಹಿಡಿಯುವುದಿಲ್ಲ. ನಿಲ್ಲುವ ಹೊತ್ತೂ ಸೇರಿಸಿದರೆ ಬೆಳಗಿನ ಐದಕ್ಕೆ ಮನೆ ಬಿಡಬೇಕಾಗುತ್ತದೆ. ಸಂಜೆ ಬೆಳಕಿರುವಾಗಲೇ ಸಿಂಧನೂರು ಸೇರಿ ಅಲ್ಲೇ ಉಳಿಯುತ್ತೇವೆ. ಬಳ್ಳಾರಿಯಲ್ಲೇ ಉಳಿದರೆ ಒಳ್ಳೊಳ್ಳೆಯ ಹೋಟೆಲ್‌ಗಳಿವೆ ನಿಜ. ಆದರೆ ಸಂಜೆ ಗದ್ದಲದಲ್ಲಿ ಒಳಗೆ ಹೋಗಿ, ಬೆಳಗ್ಗೆ ಗದ್ದಲದಲ್ಲಿ ಹೊರಗೆ ಬರಬೇಕು. ಅಷ್ಟು ಸುತ್ತಿ ತಪ್ಪಿಸಿಕೊಂಡದ್ದು ಮತ್ತೆ ಕೊರಳಿಗೆ ಬಿದ್ದಂತೆ, ಅಲ್ವಾ?

ಕತ್ತಲಾದ ಮೇಲೆ ಈ ರಸ್ತೆಯಲ್ಲಿ ನಾನು ಗಾಡಿ ಓಡಿಸುವುದಿಲ್ಲ. ಇದರಲ್ಲಿ ರಾಜಿ ಇಲ್ಲ. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಹೊಲದಿಂದ ಮರಳುವ ಎತ್ತಿನ ಗಾಡಿ, ಬಣ್ಣ ಅಳಿಸಿದ ಹಂಪ್ಸ್, ಎದುರಿನಿಂದ ಡಿಮ್ ಮಾಡದೆ ಬರುವ ಲಾರಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಇವೆಲ್ಲ ಕಡಿಮೆ. ನಗರ ಬೇಡ ಎಂದು ಒಳರಸ್ತೆ ಹಿಡಿದವರು ಹಗಲಿನಲ್ಲೇ ಹೋಗಬೇಕು.

ಕಾಲ ನೋಡುವುದೂ ಮುಖ್ಯ. ಡಿಸೆಂಬರ್–ಜನವರಿಯಲ್ಲಿ ಹವೆ ಚೆನ್ನ, ಆದರೆ ನಾಗಮಂಗಲದಿಂದ ಹುಳಿಯಾರಿನವರೆಗೆ ರಸ್ತೆಯ ಮೇಲೇ ರಾಗಿ, ಹುರುಳಿ ಒಕ್ಕಣೆ ನಡೆದಿರುತ್ತದೆ. ಒಣಗಿದ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಕೆಳಗಿನ ಎಕ್ಸಾಸ್ಟ್ ಬಿಸಿಗೆ ಬೆಂಕಿ ಹತ್ತುವ ಅಪಾಯವೂ ಉಂಟು. ಜಾಗ ಇದ್ದರೆ ಪಕ್ಕಕ್ಕೆ ಸರಿದು ಹೋಗಿ, ಇಲ್ಲವಾದರೆ ನಿಧಾನಕ್ಕೆ ದಾಟಿ. ಸಿರುಗುಪ್ಪ, ಸಿಂಧನೂರು ತುಂಗಭದ್ರೆಯ ನೀರಿನ ಭತ್ತದ ಸೀಮೆ. ಕೊಯ್ಲಿನ ಕಾಲಕ್ಕೆ ಕಟಾವು ಯಂತ್ರಗಳು ಅರ್ಧ ರಸ್ತೆ ಹಿಡಿದು ಸಾಗುತ್ತಿರುತ್ತವೆ. ಹಾರ್ನ್ ಹೊಡೆದು ಪ್ರಯೋಜನವಿಲ್ಲ, ಹಿಂದೆಯೇ ಹೋಗಬೇಕು. ಏಪ್ರಿಲ್–ಮೇ ತಿಂಗಳು ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕಾಲವಲ್ಲ. ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಮಳೆ ಇಲ್ಲದಿದ್ದರೂ ಆಚೆ ಹೊಳೆ ತುಂಬಿರಬಹುದು. ಮಹಾರಾಷ್ಟ್ರದ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಕೃಷ್ಣೆ, ಭೀಮೆ ಎರಡೂ ಏರುತ್ತವೆ. ನಮ್ಮ ದಾರಿ ತಿಂಥಣಿ ಹತ್ತಿರ ಕೃಷ್ಣೆಯನ್ನು, ಜೇವರ್ಗಿ ದಾಟಿ ಭೀಮೆಯನ್ನು ಹಾಯುತ್ತದೆ. ಭೀಮೆ ತೀರಾ ಉಕ್ಕಿದರೆ ಸೇತುವೆ ಮೇಲೆ ಸಂಚಾರ ನಿಲ್ಲಿಸುವುದುಂಟು. ಹೊರಡುವ ಹಿಂದಿನ ದಿನ ಭಾವಮೈದುನನಿಗೆ ಫೋನ್ ಮಾಡುತ್ತೇನೆ. ಒಂದು ಸಲ ಅವನು, ‘ಮಾಮಾ, ಭೀಮಾ ಹೊಳಿಗಿ ನೀರ್ ಭಾಳ ಬಂದದ, ಎರಡ್ ದಿನ ತಡದ್ ಬರ್ರಿ’ ಅಂದ. ನಾವು ಕಟ್ಟಿದ ಬ್ಯಾಗನ್ನು ಹಾಗೇ ಇಟ್ಟು, ಎರಡು ದಿನ ಕಾದು ಹೊರಟೆವು.

ಈ ದಾರಿ ನನಗೆ ಇಷ್ಟವಾಗಲು ಟ್ರಾಫಿಕ್ ಒಂದೇ ಕಾರಣ ಅಲ್ಲ. ಊರುಗಳು ಕಣ್ಣೆದುರೇ ಬದಲಾಗುತ್ತವೆ. ತುರುವೇಕೆರೆಯ ತೆಂಗಿನ ತೋಟ ಹಿಂದಾಗಿ ಹುಳಿಯಾರಿನ ಆಚೆ ಬಯಲು ತೆರೆದುಕೊಳ್ಳುತ್ತದೆ. ಹಿರಿಯೂರಿನ ಹತ್ತಿರ ಮಾರಿ ಕಣಿವೆ ಇದೆ, ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಈ ಅಣೆಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಸ್ವಲ್ಪ ಸುತ್ತು, ಆದರೂ ಸಮಯವಿದ್ದರೆ ನೋಡಲೇಬೇಕು. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು, ಕುರಿ ಉಣ್ಣೆಯ ಕಂಬಳಿ. ರಾಂಪುರ ದಾಟಿದ ಮೇಲೆ ರಸ್ತೆ ಸ್ವಲ್ಪ ದೂರ ಆಂಧ್ರದೊಳಗೆ ಹೊಕ್ಕು ಬರುತ್ತದೆ. ಇದ್ದಕ್ಕಿದ್ದಂತೆ ತೆಲುಗು ಬೋರ್ಡುಗಳು ಕಂಡರೆ ದಾರಿ ತಪ್ಪಿತು ಎಂದು ಗಾಬರಿ ಬೇಡ.

ಮಗಳಿಗೆ ನಾನು ತೋರಿಸುತ್ತಾ ಹೋಗುವುದು ಅಶೋಕನ ಶಾಸನಗಳನ್ನು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಬಳ್ಳಾರಿ ಕಡೆಯ ಉದೆಗೊಳಂ, ನಿಟ್ಟೂರು, ಆಮೇಲೆ ಮಸ್ಕಿ, ಎಲ್ಲವೂ ಈ ದಾರಿಯಿಂದ ಹೆಚ್ಚು ದೂರವಿಲ್ಲ. ಮಸ್ಕಿಯದು 1915ರಲ್ಲಿ ಸಿಕ್ಕಿತು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇದ್ದದ್ದರಿಂದ, ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಯಾರು ಎಂಬುದು ಖಚಿತವಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಬಂಡೆಯ ಮೇಲೆ ಬರೆಸಿದರೆಂದರೆ, ಓದಲು ಈ ಕಡೆ ಜನ ಓಡಾಡುತ್ತಿದ್ದಿರಬೇಕಲ್ಲವೇ? ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಊಟಕ್ಕೆ ನಾನು ಜಾಸ್ತಿ ಯೋಚಿಸುವುದಿಲ್ಲ. ಬೆಳಗಿನ ತಿಂಡಿ ಬೆಳ್ಳೂರು ಕ್ರಾಸ್‌ನಲ್ಲಿ, ಮಧ್ಯಾಹ್ನಕ್ಕೆ ಮನೆಯಿಂದ ತಂದ ಚಿತ್ರಾನ್ನ. ಮರುದಿನ ಬೆಳಗ್ಗೆ ಸಿಂಧನೂರಿನಲ್ಲಿ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ಅಲ್ಲಿಂದ ಮುಂದೆ ಖಾನಾವಳಿಗಳ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಹೆಂಗಸರಿಗೆ ಸ್ವಚ್ಛವಾದ ಶೌಚಾಲಯ ಸಿಗುವುದೇ ಕಷ್ಟ. ಹೊಸದಾಗಿ ಕಟ್ಟಿದ ದೊಡ್ಡ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ನಿಲ್ಲಿಸುತ್ತೇನೆ, ಟ್ಯಾಂಕ್ ಅರ್ಧಕ್ಕೆ ಬಂದಿದ್ದರೆ ಅಲ್ಲೇ ತುಂಬಿಸುತ್ತೇನೆ. ಹೊರಡುವ ಮುಂಚೆ ಸ್ಟೆಪ್ನಿಗೂ ಗಾಳಿ ಹಿಡಿಸಿ. ಬಹಳ ಜನ ಅದೊಂದನ್ನು ಮರೆಯುತ್ತಾರೆ.

ಬೇರೆ ದಿಕ್ಕಿಗೆ ಹೋಗುವವರೂ ಇದೇ ರೀತಿ ಯೋಚಿಸಬಹುದು. ತುಮಕೂರು ಕಡೆಯಿಂದ ಕೋಲಾರದ ಕಡೆ ಹೋಗಬೇಕಾದರೆ ಬೆಂಗಳೂರಿನೊಳಗೆ ಹೋಗಬೇಕಿಲ್ಲ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೊರವರ್ತುಲ ರಸ್ತೆ ಇದೆ. ಹೈದರಾಬಾದ್ ದಾಟುವವರಿಗೆ 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ. ಮೈಸೂರಿನಿಂದ ದಕ್ಷಿಣಕ್ಕೆ ಹೋಗುವವರು ನೋಡಬೇಕಾದ್ದು ಕಾಡಿನ ಗೇಟ್. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಬೈಕಿನವರಿಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಆಗಸ್ಟ್‌ನಿಂದ ಇಲ್ಲವೇ ಇಲ್ಲ, ಅವರಿಗೆ ನಾಗಮಂಗಲದ ದಾರಿ ಇನ್ನೂ ಒಳ್ಳೆಯದು.

ವಾಪಸ್ ಬರುವಾಗ ಲೆಕ್ಕ ಬದಲಾಗುತ್ತದೆ. ಸಿಂಧನೂರಿನಲ್ಲಿ ಉಳಿದು ಬೆಳಗ್ಗೆ ಐದೂವರೆಗೆ ಬಿಟ್ಟರೆ ಅಂಗಡಿ ಬಾಗಿಲು ತೆರೆಯುವ ಮುಂಚೆ ಬಳ್ಳಾರಿ ಹಿಂದಾಗಿರುತ್ತದೆ. ಕೊನೆಯಲ್ಲಿ ಶ್ರೀರಂಗಪಟ್ಟಣದಿಂದ ಮೈಸೂರಿನವರೆಗೆ ಬೆಂಗಳೂರಿನ ವಾಹನಗಳ ಜೊತೆಗೇ ಸಾಗಬೇಕು. ಶನಿವಾರ ಅಲ್ಲಿ ಪ್ರವಾಸಿಗರ ಸಾಲು ಉದ್ದ. ಅದಕ್ಕೇ ನಾವು ಮನೆ ಸೇರುವ ದಿನವನ್ನು ಮಂಗಳವಾರಕ್ಕೋ ಬುಧವಾರಕ್ಕೋ ಇಟ್ಟುಕೊಳ್ಳುತ್ತೇವೆ. ಮಗಳ ಶಾಲೆಗೆ ಎರಡು ದಿನ ಜಾಸ್ತಿ ರಜೆ ಕೇಳಬೇಕಾಗುತ್ತದೆ, ಕೇಳುತ್ತೇನೆ.